ಸುತ್ತಲೂ ನೀರು, ನಡುವೆ ಹುಡುಗಿಯರ ಶಿಬಿರ

ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ಶಿಬಿರಗಳ ಬಗ್ಗೆ ಪತ್ರಗಳು ಬರುವುದು ಪ್ರತಿವರ್ಷದ ವಾಡಿಕೆ. ಈ ಸಲ ಬೇಲೂರಿನಿಂದ ಬಂದ ಒಂದು ಪತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿ, ಉತ್ತರಕ್ಕೆ ಕಾಲಾವಕಾಶ ಕೇಳಿದ್ದೆ. ಅದನ್ನು ಓದಿದ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಇನ್ನೂ ಕೆಲವರು ಅದೇ ವಿಷಯ ಹಿಡಿದು ಬರೆದಿದ್ದಾರೆ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳು ಕೆನಡಾದ ಟೊರಾಂಟೊ ನಗರದಲ್ಲಿದ್ದಾಳೆ. ಹನ್ನೊಂದು ವರ್ಷದ ಮೊಮ್ಮಗಳನ್ನು ಬರುವ ಜುಲೈನಲ್ಲಿ, ಸರೋವರದ ನಡುವಿನ ದ್ವೀಪವೊಂದರಲ್ಲಿ ನಡೆಯುವ ಹೆಣ್ಣುಮಕ್ಕಳ ಶಿಬಿರಕ್ಕೆ ಒಂದು ತಿಂಗಳ ಮಟ್ಟಿಗೆ ಕಳುಹಿಸುತ್ತಾಳಂತೆ. ಫೋನ್ ಇಲ್ಲ, ಕಾಗದ ಬರೆಯಬಹುದು, ಅಷ್ಟೇ. ಅಲ್ಲಿ ಇಂಥ ಶಿಬಿರಗಳಿಗೆ ನೂರು ವರ್ಷದ ಇತಿಹಾಸವಿದೆ ಎಂದು ಮಗಳು ಸಮಾಧಾನ ಹೇಳುತ್ತಾಳೆ. ನನಗಂತೂ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಹೆಣ್ಣುಮಕ್ಕಳನ್ನು ನೀರಿನ ನಡುವೆ ಬಿಟ್ಟು ಬರುವ ಈ ಪದ್ಧತಿ ಹೇಗೆ ಹುಟ್ಟಿತು? (ನಿವೃತ್ತ ಶಿಕ್ಷಕಿ, ಬೇಲೂರು)

ಉತ್ತರ: ತಮ್ಮ ಮಗಳು ಹೇಳಿದ್ದು ನಿಜ. ಪದ್ಧತಿ ನೂರು ವರ್ಷಕ್ಕೂ ಹಳೆಯದು. ಆ ಶಿಬಿರಗಳ ಅರ್ಧದಷ್ಟು ನಿಯಮಗಳು ಹುಟ್ಟಿದ್ದೇ ತಮ್ಮಂತೆ ನಿದ್ದೆಗೆಟ್ಟ ತಾಯಂದಿರನ್ನೂ ಅಜ್ಜಿಯರನ್ನೂ ಒಪ್ಪಿಸುವುದಕ್ಕಾಗಿ ಎಂದು ನನಗೆ ಅನ್ನಿಸುತ್ತದೆ.

ಉತ್ತರ ಅಮೆರಿಕದ ಬೇಸಿಗೆ ಶಿಬಿರ ಮೊದಲಿಗೆ ಗಂಡುಹುಡುಗರದಾಗಿತ್ತು. ಕನೆಕ್ಟಿಕಟ್ ರಾಜ್ಯದಲ್ಲಿ ಶಾಲೆ ನಡೆಸುತ್ತಿದ್ದ ಫ್ರೆಡರಿಕ್ ವಿಲಿಯಂ ಗನ್ ಎಂಬ ಮೇಷ್ಟರು 1861ರಲ್ಲಿ ತಮ್ಮ ಹುಡುಗರನ್ನು ಸಮುದ್ರ ತೀರಕ್ಕೆ ನಡೆಸಿಕೊಂಡು ಹೋಗಿ ಎರಡು ವಾರ ಡೇರೆಗಳಲ್ಲಿ ಇರಿಸಿದ್ದನ್ನು ಸಾಮಾನ್ಯವಾಗಿ ಮೊದಲ ಶಿಬಿರವೆಂದು ಎಣಿಸುತ್ತಾರೆ. ಆದರೆ ತಮ್ಮ ಪ್ರಶ್ನೆಗೆ ಹತ್ತಿರವಾದದ್ದು ಅದಾದ ಇಪ್ಪತ್ತು ವರ್ಷಗಳ ನಂತರದ ಇನ್ನೊಂದು ಪ್ರಯೋಗ. 1881ರಲ್ಲಿ ಅರ್ನೆಸ್ಟ್ ಬಾಲ್ಚ್ ಎಂಬ ತರುಣ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಸ್ಕ್ವಾಮ್ ಸರೋವರದ ಒಂದು ಪುಟ್ಟ ದ್ವೀಪದ ಮೇಲೆ ಶಿಬಿರ ಹೂಡಿದ. ಬೇಸಿಗೆ ಬಂತೆಂದರೆ ತಂದೆತಾಯಿಯರ ಜೊತೆ ದೊಡ್ಡ ಹೋಟೆಲುಗಳಲ್ಲಿ ಠಿಕಾಣಿ ಹೂಡಿ, ಎದ್ದರೆ ಆಳು ಕುಳಿತರೆ ಆಳು ಎಂದು ಬೆಳೆಯುತ್ತಿದ್ದ ಸಿರಿವಂತರ ಹುಡುಗರನ್ನು ನೋಡಿ ಅವನಿಗೆ ಮರುಕ ಹುಟ್ಟಿತ್ತು. ದ್ವೀಪದಲ್ಲಿ ಆಳುಗಳೇ ಇರಲಿಲ್ಲ. ಅಡುಗೆ, ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು ಎಲ್ಲವನ್ನೂ ಹುಡುಗರೇ ಪಾಳಿ ಹಾಕಿಕೊಂಡು ಮಾಡಬೇಕಿತ್ತು. ಹೆಚ್ಚುವರಿ ಕೆಲಸಕ್ಕೆ ಕೂಲಿ ಸಿಗುತ್ತಿತ್ತು, ಆ ಕೂಲಿಯನ್ನು ಇಡಲು ಹುಡುಗರೇ ನಡೆಸುವ ಒಂದು ಬ್ಯಾಂಕೂ ಇತ್ತು. ಹಣದ ಅಡಚಣೆಯಿಂದ ಆ ಶಿಬಿರ 1889ರ ನಂತರ ನಡೆಯಲಿಲ್ಲ. ಆದರೂ ನೀರು ದಾಟಿ ಹೋದರೆ ಹೊಸ ಜೀವನಕ್ರಮ, ನೀರು ದಾಟಿ ಬಂದರೆ ಹಳೆಯದು ಎಂಬ ಅದರ ಕಲ್ಪನೆ ಮಾತ್ರ ಉಳಿಯಿತು.

ಹುಡುಗಿಯರ ಸರದಿ ಬರಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಅದಕ್ಕೆ ಅಡ್ಡವಾಗಿದ್ದದ್ದು ನೀರಿನ ಭಯಕ್ಕಿಂತ ಹೆಚ್ಚಾಗಿ ವೈದ್ಯರ ಮಾತು. ಹೆಣ್ಣುಮಕ್ಕಳು ತಲೆಗೆ ಹೆಚ್ಚು ಕೆಲಸ ಕೊಟ್ಟರೆ ಮುಂದೆ ತಾಯ್ತನಕ್ಕೆ ತೊಂದರೆಯಾಗುತ್ತದೆ ಎಂದು 1873ರಲ್ಲಿ ಹಾರ್ವರ್ಡಿನ ವೈದ್ಯರೊಬ್ಬರು ಪುಸ್ತಕವನ್ನೇ ಬರೆದಿದ್ದರು, ಅದನ್ನು ನಂಬಿದವರು ಕಡಿಮೆಯೇನಿರಲಿಲ್ಲ. ಈ ಮಾತನ್ನು ಸುಳ್ಳು ಮಾಡಿದವರು ಆ ಕಾಲದ ಮಹಿಳಾ ಕಾಲೇಜುಗಳಲ್ಲಿ ಓದಿ, ಶಾಲೆಗಳಲ್ಲಿ ಪಾಠ ಹೇಳುತ್ತಿದ್ದ ತರುಣಿಯರು. ತಾವೂ ಶಿಕ್ಷಕಿಯಾಗಿದ್ದವರಾದ್ದರಿಂದ ಇದನ್ನು ಹೇಳಲು ನನಗೆ ಸಂತೋಷ: ಹುಡುಗಿಯರ ಶಿಬಿರ ಟೀಚರುಗಳ ಸೃಷ್ಟಿ. ಲಾರಾ ಮಟೂನ್ ಎಂಬ ಶಿಕ್ಷಕಿ 1902ರಲ್ಲಿ ನ್ಯೂ ಹ್ಯಾಂಪ್‌ಶೈರಿನ ವಿನಿಪೆಸಾಕಿ ಸರೋವರದ ಬಳಿ ಕೆಹೊಂಕಾ ಎಂಬ ಶಿಬಿರ ಆರಂಭಿಸಿದರು. ಅದೇ ವರ್ಷ ಮೇನ್ ರಾಜ್ಯದಲ್ಲಿ ಆರಂಭವಾದ ವಯೊನೆಗಾನಿಕ್ ಎಂಬ ಹುಡುಗಿಯರ ಶಿಬಿರ ಇಂದಿಗೂ ನಡೆಯುತ್ತಿದೆ. ಕಾಲಿಗೆ ತೊಡರುವ ಉದ್ದ ಲಂಗಗಳನ್ನು ಪೆಟ್ಟಿಗೆಯಲ್ಲಿಟ್ಟು, ಮೊಣಕಾಲಿನ ಕೆಳಗೆ ನೆರಿಗೆ ಹಿಡಿದು ಕಟ್ಟಿದ ಸಡಿಲ ಚಲ್ಲಣಗಳನ್ನು ತೊಟ್ಟು ಹುಡುಗಿಯರು ದೋಣಿ ಹತ್ತಿದ್ದು ಆ ಬೇಸಿಗೆಗಳಲ್ಲಿ. ಊರಿನಲ್ಲಿ ಆ ಉಡುಪಿನಲ್ಲಿ ಬೀದಿಗೆ ಇಳಿದಿದ್ದರೆ ಜನ ಗುಂಪುಗೂಡಿ ನೋಡುತ್ತಿದ್ದರು.

ಮುಂದೆ ಲೂಥರ್ ಗ್ಯುಲಿಕ್ ಮತ್ತು ಅವರ ಪತ್ನಿ ಶಾರ್ಲೆಟ್ ಗ್ಯುಲಿಕ್ 1907ರಲ್ಲಿ ಮೇನ್ ರಾಜ್ಯದ ಸೆಬಾಗೊ ಸರೋವರದ ದಡದಲ್ಲಿ ಶಿಬಿರ ಹೂಡಿ, ಕೆಲಸ, ಆರೋಗ್ಯ, ಪ್ರೀತಿ ಎಂಬ ಮೂರು ಇಂಗ್ಲಿಷ್ ಪದಗಳ ಮೊದಲೆರಡು ಅಕ್ಷರಗಳನ್ನು ಕೂಡಿಸಿ ಅದಕ್ಕೆ 'ವೋಹೆಲೊ' ಎಂದು ಹೆಸರಿಟ್ಟರು. 1910ರಲ್ಲಿ ಆರಂಭವಾದ ಕ್ಯಾಂಪ್ ಫೈರ್ ಗರ್ಲ್ಸ್ ಸಂಸ್ಥೆ ಬೆಳೆದದ್ದು ಅದರಿಂದಲೇ. (ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲು ಹೊಸ ಆಟವೊಂದನ್ನು ಕಂಡುಹಿಡಿಯಿರಿ ಎಂದು 1891ರಲ್ಲಿ ಜೇಮ್ಸ್ ನೈಸ್ಮಿತ್ ಅವರಿಗೆ ಹೇಳಿ ಬ್ಯಾಸ್ಕೆಟ್‌ಬಾಲ್ ಹುಟ್ಟಲು ಕಾರಣರಾದವರೂ ಇದೇ ಲೂಥರ್ ಗ್ಯುಲಿಕ್.)

ಇನ್ನು ಕೆನಡಾ. ತಾವು ಶಿಬಿರದ ಹೆಸರು ಬರೆದಿಲ್ಲ. ಟೊರಾಂಟೊದ ಉತ್ತರಕ್ಕೆ ಸರೋವರಗಳಿಗೂ ಕೊರತೆಯಿಲ್ಲ, ಶಿಬಿರಗಳಿಗೂ ಕೊರತೆಯಿಲ್ಲ. ದ್ವೀಪದ ಮೇಲಿನ ಹುಡುಗಿಯರ ಶಿಬಿರ ಎಂದೊಡನೆ ಅಲ್ಲಿನವರಿಗೆ ನೆನಪಾಗುವ ಒಂದನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಒಂಟಾರಿಯೊ ಪ್ರಾಂತದಲ್ಲಿ ಆಲ್ಗಾಂಕ್ವಿನ್ ಪಾರ್ಕ್ ಎಂಬ ರಕ್ಷಿತಾರಣ್ಯವಿದೆ. 1893ರಲ್ಲಿ ಸ್ಥಾಪನೆಯಾದ ಅದರ ಈಗಿನ ವಿಸ್ತೀರ್ಣ ಸುಮಾರು 7,600 ಚದರ ಕಿಲೋಮೀಟರ್, ಅಂದರೆ ನಮ್ಮ ಇಡೀ ಚಿಕ್ಕಮಗಳೂರು ಜಿಲ್ಲೆಗಿಂತ ತುಸು ದೊಡ್ಡದು. ಅದರೊಳಗಿನ ಕ್ಯಾಶ್ ಸರೋವರಕ್ಕೆ 1908ರ ಹೊತ್ತಿಗೇ ಫ್ಯಾನಿ ಕೇಸ್ ಎಂಬ ಅಮೆರಿಕನ್ ಮಹಿಳೆ ಹುಡುಗಿಯರನ್ನು ಕರೆತಂದು ಡೇರೆ ಹಾಕಿಸಿದ್ದರು. ಅದಾದ ಮೇಲೆ ಟೇಲರ್ ಸ್ಟಾಟನ್ ಎಂಬವರು 1921ರಲ್ಲಿ ಕೆನೂ ಸರೋವರದ ದಡದಲ್ಲಿ ಹುಡುಗರಿಗಾಗಿ 'ಆಹ್ಮೆಕ್' ಶಿಬಿರವನ್ನು ಆರಂಭಿಸಿದರು. ಮೂರು ವರ್ಷಗಳ ನಂತರ, 1924ರಲ್ಲಿ, ಅದೇ ಸರೋವರದ ದ್ವೀಪದಲ್ಲಿ ಹುಡುಗಿಯರಿಗಾಗಿ 'ವಾಪೊಮಿಯೊ' ಆರಂಭವಾಯಿತು. ಟೇಲರ್ ಅವರ ಪತ್ನಿ ಎಥೆಲ್ ಈ ಎರಡೂ ಶಿಬಿರಗಳ ಹಿಂದೆ ನಿಂತಿದ್ದರು. ಆಗ ಅಲ್ಲಿಗೆ ರಸ್ತೆಯಿರಲಿಲ್ಲ. ಮರದ ವ್ಯಾಪಾರಿಯೊಬ್ಬರು ದಿಮ್ಮಿ ಸಾಗಿಸಲೆಂದು 1890ರ ದಶಕದಲ್ಲಿ ಕಾಡಿನ ನಡುವೆ ಹಾಕಿಸಿದ್ದ ರೈಲು ಮಾರ್ಗವೇ ಗತಿ. ಸಕಲೇಶಪುರದ ಘಟ್ಟದ ರೈಲು ನೋಡಿದವರಿಗೆ ಆ ನಿಲ್ದಾಣದ ಚಿತ್ರವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಸುತ್ತ ಕಾಡು, ಒಂದು ಹಲಗೆಯ ಕಟ್ಟಡ, ಟ್ರಂಕುಗಳ ರಾಶಿ, ಅಲ್ಲಿಂದ ಮುಂದೆ ದೋಣಿ. ಮೋಟಾರು ರಸ್ತೆ ಬಂದದ್ದು 1930ರ ದಶಕದಲ್ಲಿ. ರಸ್ತೆ ಬಂದರೂ ದ್ವೀಪಕ್ಕೆ ಕೊನೆಯ ದಾರಿ ನೀರಿನದೇ ಅಲ್ಲವೇ?

ಪ್ರಶ್ನೆ: ದಡದಲ್ಲಿ ಬೇಕಾದಷ್ಟು ಜಾಗವಿರುವಾಗ ಹುಡುಗಿಯರಿಗೆ ಮಾತ್ರ ದ್ವೀಪವೇ ಏಕೆ? ಅವರನ್ನು ಕೂಡಿಹಾಕುವುದಕ್ಕೇ? (ಗೃಹಿಣಿ, ಚಿಕ್ಕಮಗಳೂರು)

ಉತ್ತರ: ಪ್ರಶ್ನೆ ಚುಚ್ಚುವಂತಿದೆ, ಅದಕ್ಕೇ ಇಷ್ಟವಾಯಿತು. ಹುಡುಗಿಯರ ಶಿಬಿರಗಳೆಲ್ಲ ದ್ವೀಪದಲ್ಲಿರಲಿಲ್ಲ, ಹೆಚ್ಚಿನವು ದಡದಲ್ಲೇ ಇದ್ದವು ಎಂಬುದನ್ನು ಮೊದಲು ಹೇಳಬೇಕು. ಆದರೆ ಒಂದೇ ಮನೆತನ ನಡೆಸುತ್ತಿದ್ದ ಎರಡು ಶಿಬಿರಗಳಲ್ಲಿ ಹುಡುಗರದು ದಡದ ಮೇಲೆ, ಹುಡುಗಿಯರದು ನೀರಿನಾಚೆಯ ದ್ವೀಪದ ಮೇಲೆ ಎಂಬ ವ್ಯವಸ್ಥೆಯನ್ನು ನೋಡಿದರೆ ನಿಮಗೆ ಬಂದ ಅನುಮಾನ ಯಾರಿಗಾದರೂ ಬರುತ್ತದೆ. ನೀರು ಬೇಲಿಯಾಗಿತ್ತು, ನಿಜ. ಆ ಬೇಲಿ ಯಾರನ್ನು ಒಳಗಿಟ್ಟಿತು ಎಂಬುದಕ್ಕಿಂತ ಯಾರನ್ನು ಹೊರಗಿಟ್ಟಿತು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ನನ್ನದೇ ಒಂದು ಅನುಭವ ಹೇಳಿದರೆ ಇದು ಸ್ಪಷ್ಟವಾದೀತು.

ಹಾಸನದಲ್ಲಿ ನಾನು ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ಗೈಡ್ಸ್ ದಳಕ್ಕೆ ಮೂರು ದಿನದ ಶಿಬಿರ ಏರ್ಪಾಡಾಗಿತ್ತು. ಶಿಬಿರವೆಂದರೆ ಕಾಡಿನಲ್ಲಲ್ಲ, ಶಾಲೆಯ ಕಾಂಪೌಂಡಿನೊಳಗೇ, ಹಿಂದಿನ ಆಟದ ಮೈದಾನದಲ್ಲಿ. ಹಗ್ಗ, ಗಳ, ತಾಡಪಾಲುಗಳಿಂದ ಎರಡು ಡೇರೆ ಎಬ್ಬಿಸಿದ್ದೆವು. ರೀಫ್ ಗಂಟು ಹಾಕಿದ್ದು ನಾನೇ ಎಂಬ ಹೆಮ್ಮೆ ನನಗೆ. ಮೊದಲ ಸಂಜೆ ಮೂರು ಕಲ್ಲು ಹೂಡಿ, ಹಸಿ ಸೌದೆಗೆ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡು ಎಂಟು ಜನ ಹುಡುಗಿಯರು ಅನ್ನಕ್ಕಿಟ್ಟೆವು. ಅಷ್ಟರಲ್ಲಿ ಗೇಟಿನ ಹೊರಗೆ ಆರೇಳು ಜನ ತಂದೆಯಂದಿರು ಸೈಕಲ್ಲುಗಳಿಗೆ ಸ್ಟ್ಯಾಂಡ್ ಹಾಕಿ ನಿಂತಿದ್ದರು. ನಮ್ಮ ತಂದೆಯ ಕೈಯಲ್ಲಿ ಕೋಡುಬಳೆಯ ಡಬ್ಬ. ಅನ್ನ ತಳ ಹತ್ತಿದ ವಾಸನೆ ಗೇಟಿನವರೆಗೂ ಹೋಗಿರಬೇಕು. ಒಬ್ಬರು ಕಾವಲುಗಾರನನ್ನು ಗದರಿಸಿ ಒಳಗೆ ಬಂದರು, ಅವರ ಹಿಂದೆ ಉಳಿದವರೂ ಬಂದರು. ಹತ್ತು ನಿಮಿಷದಲ್ಲಿ ಒಲೆಯ ಮುಂದೆ ಕಾವಲುಗಾರನ ಹೆಂಡತಿ ಕುಳಿತಿದ್ದರು, ನಾವು ಕೈ ತೊಳೆದುಕೊಂಡು ಎಲೆಯ ಮುಂದೆ ಕುಳಿತಿದ್ದೆವು. ಊಟವೇನೋ ಚೆನ್ನಾಗಿತ್ತು. ಮರುದಿನ ಅಡುಗೆಯ ಪಾಳಿಯ ಪಟ್ಟಿಯನ್ನು ಟೀಚರ್ ಮಾತಿಲ್ಲದೆ ಗೋಡೆಯಿಂದ ಕಿತ್ತು ಮಡಿಸಿಟ್ಟುಕೊಂಡರು. ಆ ತಂದೆಯಂದಿರು ಕೆಟ್ಟವರೇನಲ್ಲ, ಪ್ರೀತಿಯಿಂದಲೇ ಬಂದವರು. ಆದರೆ ಸೀದ ಅನ್ನವನ್ನು ನಾವೇ ಉಂಡು, ಮರುದಿನ ನೀರು ಹೆಚ್ಚು ಹಾಕಿ, ಮೂರನೆಯ ದಿನ ಹದ ಹಿಡಿಯುವ ಅವಕಾಶ ಆ ಒಂದು ಸಂಜೆಗೇ ಮುಗಿದುಹೋಯಿತು.

ದ್ವೀಪದಲ್ಲಿ ಸೈಕಲ್ ನಿಲ್ಲಿಸುವ ಗೇಟಿಲ್ಲ. ತಂದೆಯ ಅಪ್ಪಣೆ ಒಮ್ಮೆ ಸಿಕ್ಕಿತೆಂದರೆ, ಮುಂದಿನ ನಾಲ್ಕು ವಾರ ಪ್ರತಿ ಸಣ್ಣ ವಿಷಯಕ್ಕೂ ಮತ್ತೆ ಅಪ್ಪಣೆ ಕೇಳುವ ಪ್ರಸಂಗವಿಲ್ಲ. 'ಸುತ್ತ ನೀರಿದೆ, ಯಾರೂ ಬರಲಾರರು' ಎಂಬ ಒಂದೇ ಮಾತು ಮನೆಯವರಿಗೆ ಧೈರ್ಯ ಕೊಡುತ್ತಿತ್ತು, ಹುಡುಗಿಯರಿಗೆ ಬಿಡುಗಡೆಯನ್ನೂ ಕೊಡುತ್ತಿತ್ತು. ಕೂಡಿಹಾಕಲು ಬಳಸಬಹುದಾಗಿದ್ದ ನೀರನ್ನು ಆ ಕಾಲದ ಶಿಬಿರದ ಮೇಡಂಗಳು ಹೀಗೆ ಬಳಸಿಕೊಂಡರು ಎಂಬುದು ನನ್ನ ಓದಿನಿಂದ ನಾನು ತಲುಪಿದ ತೀರ್ಮಾನ. ಹಾಗೆಂದು ಅವರೆಲ್ಲರೂ ಕ್ರಾಂತಿಕಾರಿಗಳೆಂದು ತಿಳಿಯಬೇಕಿಲ್ಲ. ಹುಡುಗಿಯರು ಆರೋಗ್ಯವಂತ ಗೃಹಿಣಿಯರಾಗಲಿ ಎಂಬುದೇ ಅವರಲ್ಲಿ ಹಲವರು ಬಾಯಿಬಿಟ್ಟು ಹೇಳುತ್ತಿದ್ದ ಉದ್ದೇಶ.

ಇನ್ನೊಂದು ಕಾರಣ ತೀರ ಸರಳ. ದ್ವೀಪದಲ್ಲಿದ್ದವರು ದೋಣಿ ನಡೆಸಲು ಕಲಿಯಲೇಬೇಕು, ದೋಣಿ ಹತ್ತುವವರು ಈಜಲೇಬೇಕು. ಆದ್ದರಿಂದ ಶಿಬಿರದ ಮೊದಲ ದಿನಗಳಲ್ಲೇ ಈಜಿನ ಪರೀಕ್ಷೆ, ಅದರಲ್ಲಿ ತೇರ್ಗಡೆಯಾಗದವರಿಗೆ ದೋಣಿಯಿಲ್ಲ ಎಂಬ ಕಟ್ಟಳೆ ಬಂತು. ನೀರಿಗೆ ಇಳಿಯುವಾಗ ಪ್ರತಿಯೊಬ್ಬಳಿಗೂ ಒಬ್ಬಳು ಜೋಡಿ. ಸೀಟಿ ಊದಿದೊಡನೆ ಇಬ್ಬರೂ ಕೈ ಹಿಡಿದು ಮೇಲೆತ್ತಿ ನಿಲ್ಲಬೇಕು, ದಡದಲ್ಲಿದ್ದವರು ಎಣಿಸುತ್ತಾರೆ, ಎಣಿಕೆ ಸರಿಹೋಗುವವರೆಗೆ ಯಾರೂ ಅಲುಗುವಂತಿಲ್ಲ. ಬೇಲೂರಿನ ಅಜ್ಜಿಯವರು ಇದೊಂದನ್ನು ಓದಿಕೊಂಡರೂ ಸಾಕು, ಸ್ವಲ್ಪ ನಿದ್ದೆ ಬಂದೀತು. ಈಜು, ದೋಣಿ ಎರಡೂ ಕೈಗೆ ಬಂದ ಮೇಲೆ ದೊಡ್ಡ ಹುಡುಗಿಯರು ದಿನಗಟ್ಟಲೆ ಸರೋವರದಿಂದ ಸರೋವರಕ್ಕೆ ಯಾತ್ರೆ ಹೊರಡುತ್ತಾರೆ. ಒಂದು ಸರೋವರ ಮುಗಿದು ಇನ್ನೊಂದು ಸಿಗುವವರೆಗಿನ ಕಾಡುದಾರಿಯಲ್ಲಿ ದೋಣಿಯನ್ನು ಬೋರಲು ಹಾಕಿ ಹೆಗಲ ಮೇಲೆ ಹೊತ್ತು ನಡೆಯಬೇಕು, ಸಾಮಾನಿನ ಗಂಟನ್ನು ಹಣೆಗೆ ಅಡ್ಡಕಟ್ಟಿದ ಪಟ್ಟಿಯ ಆಸರೆಯಲ್ಲಿ ಬೆನ್ನಿಗೆ ಹೇರಿಕೊಳ್ಳಬೇಕು. ನಮ್ಮ ಮಲೆನಾಡಿನಲ್ಲಿ ತಲೆಗೆ ಸಿಂಬೆ ಇಟ್ಟು ಸೌದೆ ಹೊರೆ ಹೊತ್ತು ಏರು ಹತ್ತುವ ಹೆಂಗಸರಿಗೆ ಇದು ಸಾಹಸವಾಗಿ ಕಾಣಲಿಕ್ಕಿಲ್ಲ. ಹೊರೆ ಹೊರುವುದಕ್ಕೆ ಹಣ ತೆತ್ತು ಹೋಗುತ್ತಾರೆಯೇ ಎಂದು ಅವರು ನಕ್ಕರೆ ತಪ್ಪೂ ಅಲ್ಲ. ಆ ಶಿಬಿರಗಳ ಶುಲ್ಕ ಆಗಲೂ ಈಗಲೂ ಅನುಕೂಲಸ್ಥರ ಕೈಗೆ ಮಾತ್ರ ಎಟಕುವಂಥದ್ದು.

ನಗರದ ಬಡ ಮಕ್ಕಳನ್ನು ಹಳ್ಳಿಗಾಡಿನ ಗಾಳಿಗೆ ಕಳುಹಿಸುವ ದತ್ತಿನಿಧಿಯೊಂದು 1877ರಲ್ಲೇ ನ್ಯೂಯಾರ್ಕಿನಲ್ಲಿ ಆರಂಭವಾಗಿತ್ತು. ಬಿಳಿಯರ ಶಿಬಿರಗಳ ಬಾಗಿಲು ಮುಚ್ಚಿದ್ದ ಕಪ್ಪು ಜನಾಂಗದ ಮಕ್ಕಳಿಗಾಗಿ 1921ರಲ್ಲಿ ಮ್ಯಾಸಚೂಸೆಟ್ಸ್‌ನ ಸರೋವರವೊಂದರ ಬಳಿ ಬೇರೆಯೇ ಶಿಬಿರ ಕಟ್ಟಿದರು, ಅದು ಮುಂದೆ ಕ್ಯಾಂಪ್ ಆಟ್‌ವಾಟರ್ ಎಂದು ಹೆಸರಾಯಿತು. ಸರೋವರದ ನೀರು ಎಲ್ಲರಿಗೂ ಒಂದೇ ಆಗಿರಲಿಲ್ಲ.

ರೋಗಭಯವೂ ಈ ಕಥೆಯಲ್ಲಿ ಬರುತ್ತದೆ. ಪೋಲಿಯೊಗೆ ಲಸಿಕೆ ಇರದಿದ್ದ ಕಾಲದಲ್ಲಿ ಬೇಸಿಗೆಯೇ ಆ ರೋಗದ ಹಂಗಾಮು. 1937ರಲ್ಲಿ ಒಂಟಾರಿಯೊದಲ್ಲಿ ಅದು ಎಷ್ಟು ಹರಡಿತೆಂದರೆ ಟೊರಾಂಟೊದ ಶಾಲೆಗಳು ರಜೆ ಮುಗಿದರೂ ಬಾಗಿಲು ತೆರೆಯಲಿಲ್ಲ. ಅಂಥ ವರ್ಷಗಳಲ್ಲಿ ಜನಸಂದಣಿಯಿಂದ ದೂರವಿದ್ದ ದ್ವೀಪ ತಾಯಂದಿರ ಕಣ್ಣಿಗೆ ಅಪಾಯದ ಜಾಗವಾಗಿರದೆ ಆಶ್ರಯದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಪ್ರಶ್ನೆ: ವಯೊನೆಗಾನಿಕ್, ಆಹ್ಮೆಕ್, ವಾಪೊಮಿಯೊ ಮುಂತಾದ ಹೆಸರುಗಳು ಇಂಗ್ಲಿಷಿನವಲ್ಲ ಎಂದು ತೋರುತ್ತದೆ. ಇವು ಯಾವ ಭಾಷೆ? (ಈ ಉತ್ತರದ ಕರಡನ್ನು ನೋಡಿದ ನಮ್ಮ ಕಚೇರಿಯ ಕಿರಿಯ ಸಹೋದ್ಯೋಗಿ, ಹಾಸನ)

ಉತ್ತರ: ಅವು ಆ ನೆಲದ ಮೂಲನಿವಾಸಿಗಳ ಭಾಷೆಗಳಿಂದ ಎತ್ತಿಕೊಂಡ, ಅಥವಾ ಆ ಭಾಷೆಗಳ ಹಾಗೆ ಕೇಳಿಸಲೆಂದು ಇಟ್ಟ ಹೆಸರುಗಳು. ಆಹ್ಮೆಕ್ ಎಂಬುದು ಒಜಿಬ್ವೆ ಭಾಷೆಯಲ್ಲಿ ಬೀವರ್ ಎಂಬ ಪ್ರಾಣಿಗೆ ಇರುವ ಪದದಿಂದ ಬಂದದ್ದು. 'ವೋಹೆಲೊ' ಹಾಗೆ ಕೇಳಿಸಿದರೂ ಪೂರ್ತಿ ಇಂಗ್ಲಿಷ್ ಎಂಬುದನ್ನು ಆಗಲೇ ನೋಡಿದ್ದೀರಿ.

ಈ ಶಿಬಿರಗಳ ಇತಿಹಾಸದಲ್ಲಿ ನುಂಗಲು ಕಷ್ಟವಾದ ಭಾಗ ಇದೇ. ಅರ್ನೆಸ್ಟ್ ಥಾಂಪ್ಸನ್ ಸೀಟನ್ ಎಂಬ ಪ್ರಕೃತಿ ಲೇಖಕರು 1902ರಲ್ಲಿ ಹುಡುಗರಿಗಾಗಿ 'ವುಡ್‌ಕ್ರಾಫ್ಟ್ ಇಂಡಿಯನ್ಸ್' ಎಂಬ ಸಂಘ ಕಟ್ಟಿ, ಬೆಂಕಿಯ ಸುತ್ತ ವೃತ್ತಾಕಾರವಾಗಿ ಕುಳಿತು ಸಭೆ ನಡೆಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಶಿಬಿರಗಳು ಅದನ್ನು ಬಾಚಿಕೊಂಡವು. ತಲೆಗೆ ಗರಿ, ಹೆಗಲಿಗೆ ಕಂಬಳಿ, ಬೆಂಕಿಯ ಮುಂದೆ 'ಬುಡಕಟ್ಟು'ಗಳ ನಡುವೆ ಸ್ಪರ್ಧೆ. ಟೊರಾಂಟೊದ ಮಕ್ಕಳು ಸರೋವರದ ದಡದಲ್ಲಿ ಹೀಗೆ ಆಡುತ್ತಿದ್ದ ದಶಕಗಳಲ್ಲೇ ಮೂಲನಿವಾಸಿಗಳ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಸರ್ಕಾರಿ ವಸತಿ ಶಾಲೆಗಳಲ್ಲಿ ಇರಿಸಿ, ತಮ್ಮ ಭಾಷೆಯಾಡಿದರೆ ಶಿಕ್ಷಿಸುತ್ತಿದ್ದರು. ಅಂಥ ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಈ ವಸತಿ ಶಾಲೆಗಳ ವಿಚಾರಣೆ ನಡೆಸಿದ ಅಲ್ಲಿನ ಸತ್ಯ ಮತ್ತು ಸಾಮರಸ್ಯ ಆಯೋಗ 2015ರಲ್ಲಿ ವರದಿ ಕೊಟ್ಟ ಮೇಲೆ ಹಲವು ಶಿಬಿರಗಳು ಗರಿ ಕಂಬಳಿಗಳನ್ನು ಒಳಗಿಟ್ಟು, ಆಚರಣೆಗಳನ್ನೂ ಕೆಲವು ಹೆಸರುಗಳನ್ನೂ ಬದಲಿಸಿಕೊಂಡಿವೆ. ಶಿಬಿರದ ಬಗ್ಗೆ ಮೆಚ್ಚಿ ಬರೆಯುವಾಗ ಇದನ್ನು ಬಿಟ್ಟು ಬರೆದರೆ ಅರ್ಧ ಸತ್ಯವಾಗುತ್ತದೆ.

ಪ್ರಶ್ನೆ: ನಮ್ಮ ದೇಶದಲ್ಲಿ, ನಮ್ಮ ರಾಜ್ಯದಲ್ಲಿ ಹುಡುಗಿಯರ ಶಿಬಿರ ಎಂದಿನಿಂದ ಇದೆ? (ಪ್ರೌಢಶಾಲೆಯ ವಿದ್ಯಾರ್ಥಿನಿ, ಅರಸೀಕೆರೆ)

ಉತ್ತರ: ನಮ್ಮಲ್ಲಿ ಅದು ಗೈಡ್ಸ್ ಮೂಲಕ ಬಂತು. ಅದರ ಬೇರು ಕೂಡ ಒಂದು ದ್ವೀಪದಲ್ಲೇ ಇದೆ, ಆದರೆ ಸರೋವರದ್ದಲ್ಲ, ಸಮುದ್ರದ್ದು. 1907ರ ಆಗಸ್ಟ್‌ನಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರೊಂದಿಗೆ ಒಂದು ವಾರ ನಡೆಸಿದ ಪ್ರಯೋಗದಿಂದ ಸ್ಕೌಟ್ ಚಳವಳಿ ಹುಟ್ಟಿತು. 1909ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಹುಡುಗರ ಸಮಾವೇಶ ನಡೆದಾಗ, ಯಾರೂ ಕರೆಯದಿದ್ದರೂ ಕೆಲವು ಹುಡುಗಿಯರು ತಾವೇ ಟೋಪಿ ಕೋಲುಗಳೊಂದಿಗೆ ಬಂದು ಸಾಲಿನಲ್ಲಿ ನಿಂತರು. ಅದರ ಫಲವಾಗಿ 1910ರಲ್ಲಿ ಬೇಡನ್ ಪೊವೆಲ್‌ರ ತಂಗಿ ಆಗ್ನೆಸ್ ಅವರ ನೇತೃತ್ವದಲ್ಲಿ ಗರ್ಲ್ ಗೈಡ್ಸ್ ಆರಂಭವಾಯಿತು. ಕರೆಯದಿದ್ದರೂ ಬಂದವರಿಂದ ಶುರುವಾದ ಸಂಸ್ಥೆ ಎಂಬ ಕಾರಣಕ್ಕೇ ನನಗೆ ಅದರ ಮೇಲೆ ವಿಶೇಷ ಅಭಿಮಾನ.

ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಬೆಂಗಳೂರಿನಲ್ಲಿ, ಮೊದಲ ಗೈಡ್ ದಳ 1911ರಲ್ಲಿ ಜಬಲ್ಪುರದಲ್ಲಿ ಆರಂಭವಾದವು. ಮೊದಮೊದಲು ಅವು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ಭಾರತೀಯ ಮಕ್ಕಳನ್ನು ಸೇರಿಸಿಕೊಳ್ಳದಿದ್ದುದರಿಂದ ಆನಿ ಬೆಸೆಂಟರು ಮದರಾಸಿನಲ್ಲಿ ಬೇರೆ ಸಂಘವನ್ನೇ ಕಟ್ಟಬೇಕಾಯಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಬೇರೆಬೇರೆ ಸಂಘಗಳು ಒಂದುಗೂಡಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯಿತು. ಗೈಡ್ಸ್ ಸಂಘ ಅದರೊಳಗೆ ಸೇರಿದ್ದು ಮರುವರ್ಷ, 1951ರ ಆಗಸ್ಟ್ 15ರಂದು. ನಿಮ್ಮ ಶಾಲೆಯಲ್ಲೂ ಪುಟ್ಟ ಹುಡುಗಿಯರ ಬುಲ್‌ಬುಲ್ ತಂಡವೂ ದೊಡ್ಡವರ ಗೈಡ್ಸ್ ದಳವೂ ಇರಬಹುದು. ಗೈಡ್ಸ್ ತರಬೇತಿಯ ಹಂತಗಳಾದ ತೃತೀಯ ಸೋಪಾನ, ರಾಜ್ಯ ಪುರಸ್ಕಾರಗಳ ಪರೀಕ್ಷಾ ಶಿಬಿರಗಳಿಗೆ ಹೋದವರನ್ನು ಕೇಳಿ ನೋಡಿ. ಜಗತ್ತಿನ ಗೈಡ್ಸ್ ಸಂಸ್ಥೆಯ ಕೇಂದ್ರಗಳಲ್ಲಿ ಒಂದಾದ 'ಸಂಗಮ್' 1966ರಿಂದ ಪುಣೆಯಲ್ಲಿದೆ.

ಪ್ರಶ್ನೆ: ನಮ್ಮ ಭದ್ರಾ ಹಿನ್ನೀರಿನಲ್ಲೂ ಹೇಮಾವತಿ ಹಿನ್ನೀರಿನಲ್ಲೂ ಸಣ್ಣಪುಟ್ಟ ದ್ವೀಪಗಳಿವೆ. ಅಲ್ಲಿ ಬೇಸಿಗೆ ರಜೆಯಲ್ಲಿ ಹುಡುಗಿಯರಿಗಾಗಿ ಇಂಥದ್ದೇ ಶಿಬಿರ ನಡೆಸಬೇಕೆಂದು ನಾವು ಕೆಲವು ಗೆಳತಿಯರು ಯೋಚಿಸುತ್ತಿದ್ದೇವೆ. ತಮ್ಮ ಅಭಿಪ್ರಾಯವೇನು? (ಕಾಫಿ ಬೆಳೆಗಾರ್ತಿ, ಮೂಡಿಗೆರೆ ತಾಲ್ಲೂಕು)

ಉತ್ತರ: ಉದ್ದೇಶಕ್ಕೆ ನನ್ನ ಪೂರ್ಣ ಸಮ್ಮತಿಯಿದೆ, ದ್ವೀಪಕ್ಕೆ ಇಲ್ಲ. ಕೆನಡಾದ ಆ ಸರೋವರಗಳು ಹಿಮಯುಗದಲ್ಲಿ ಉಂಟಾದ ನೈಸರ್ಗಿಕ ಸರೋವರಗಳು. ಚಳಿಗಾಲವಿಡೀ ಹೆಪ್ಪುಗಟ್ಟಿ, ವಸಂತದಲ್ಲಿ ಕರಗಿ, ಕಚ್ಚುವ ನೊಣಗಳ ಕಾಟವೂ ಇಳಿದ ಮೇಲೆ, ಜುಲೈ ಆಗಸ್ಟ್‌ನಲ್ಲಿ ಶಾಲೆಗೆ ರಜೆ ಬರುವ ಹೊತ್ತಿಗೆ ಅಲ್ಲಿ ತಿಳಿನೀರು ತುಂಬಿರುತ್ತದೆ. ನಮ್ಮಲ್ಲಿ ರಜೆಗೂ ನೀರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಜುಲೈ ಆಗಸ್ಟ್‌ನಲ್ಲಿ ಜಲಾಶಯ ತುಂಬುತ್ತದೆ, ಆಗ ಮಕ್ಕಳು ತರಗತಿಯಲ್ಲಿರುತ್ತಾರೆ, ಹೊರಗೆ ಧೋ ಎಂದು ಮಳೆ, ಕಾಲಿಗೆ ಇಂಬಳ. ಏಪ್ರಿಲ್ ಮೇ ತಿಂಗಳಲ್ಲಿ ರಜೆ, ಆಗ ನೀರು ಹಿಂದಕ್ಕೆ ಸರಿದು ದ್ವೀಪವೆಂದುಕೊಂಡದ್ದು ದಡಕ್ಕೆ ಅಂಟಿಕೊಂಡ ದಿಬ್ಬವಾಗಿರುತ್ತದೆ. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನು ನೀವು ನೋಡಿರುತ್ತೀರಿ. ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಆ ಗೋಡೆಗಳ ನಡುವೆ ಬೇಸಿಗೆಯಲ್ಲಿ ಬಿರುಕುಬಿಟ್ಟ ಕೆಸರಿನ ಮೇಲೆ ನಡೆದುಕೊಂಡೇ ಹೋಗಬಹುದು. ಜಲಾಶಯದ ತಳದಲ್ಲಿ ಮುಳುಗಿದ ಮರಗಳ ಬೊಡ್ಡೆ, ಹಳೆಯ ಹೊಲಗಳ ಬದು, ಕಾಲಿಟ್ಟರೆ ಹೂತುಹೋಗುವ ಹೂಳು ಇರುತ್ತವೆ. ಈಜು ಕಲಿಸುವುದಕ್ಕೆ ಅದಕ್ಕಿಂತ ಕೆಟ್ಟ ಜಾಗ ಸಿಗಲಾರದು.

ಭದ್ರಾ ಹಿನ್ನೀರಿನ ದ್ವೀಪಗಳಿಗಂತೂ ಬೇರೆಯೇ ಒಡತಿಯರಿದ್ದಾರೆ. ಲಕ್ಕವಳ್ಳಿಯ ಕಡೆ ಬೇಸಿಗೆಯಲ್ಲಿ ನೀರು ಇಳಿದು ತಲೆಯೆತ್ತುವ ಬೋಳು ದಿಬ್ಬಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಬರಿ ನೆಲದಲ್ಲೇ, ಕಲ್ಲು ಹರಳುಗಳ ನಡುವೆ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಮೊಟ್ಟೆಯ ಬಣ್ಣ ನೆಲದ ಬಣ್ಣದೊಂದಿಗೆ ಎಷ್ಟು ಬೆರೆತಿರುತ್ತದೆಂದರೆ ತುಳಿದ ಮೇಲೆಯೇ ಗೊತ್ತಾಗುವುದು. ಮೇಲಾಗಿ ಆ ಸುತ್ತಲಿನ ಕಾಡು ಭದ್ರಾ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದ್ದು. ಅಲ್ಲಿ ಅನುಮತಿ ಕೇಳುವುದೂ ಸರಿಯಲ್ಲ.

ನಿಮ್ಮದೇ ತೋಟದಲ್ಲಿ ಕೆರೆಯಿದ್ದರೆ, ಅಥವಾ ಗೆಳತಿಯರಲ್ಲಿ ಯಾರದಾದರೂ ತೋಟದ ನಡುವೆ, ರಸ್ತೆಯಿಂದ ಒಂದೆರಡು ಮೈಲಿ ಒಳಗೆ ಖಾಲಿ ಬಿದ್ದ ಹಳೆಯ ಲೈನ್ ಮನೆಗಳು, ಅಂದರೆ ಕೆಲಸಗಾರರ ಸಾಲುಮನೆಗಳು, ಇದ್ದರೆ ಅಲ್ಲಿಂದ ಆರಂಭಿಸಿ. ಹೂಮಳೆ ಬಿದ್ದು ಕಾಫಿ ಹೂ ಅರಳಿ ಮುಗಿದ ಮೇಲೆ ತೋಟದಲ್ಲಿ ಕೆಲಸವೂ ಕಡಿಮೆ, ನೆರಳೂ ತಂಪು. ಈಜಿಗೆ ಕೆರೆಯನ್ನು ನಂಬಬೇಡಿ. ತರಬೇತಿ ಪಡೆದ ಈಜು ಶಿಕ್ಷಕಿ ಸಿಗುವವರೆಗೆ ನೀರಿಗಿಳಿಯುವ ಕಾರ್ಯಕ್ರಮವನ್ನೇ ಇಟ್ಟುಕೊಳ್ಳಬೇಡಿ. ಪಾಯಖಾನೆ, ಸ್ನಾನದ ಕೋಣೆ, ಕುಡಿಯುವ ನೀರು, ರಾತ್ರಿ ಹಾವು ಕಚ್ಚಿದರೆ ಆಸ್ಪತ್ರೆಗೆ ಒಯ್ಯಲು ಒಂದು ಜೀಪು ಮತ್ತು ಎಚ್ಚರವಿರುವ ಚಾಲಕ, ಇಷ್ಟು ಸಿದ್ಧವಾದ ಮೇಲೆ ಹೆಸರು ನೋಂದಾಯಿಸಿ. ನಿಮ್ಮ ಲೈನಿನ ಕೆಲಸಗಾರರ ಹೆಣ್ಣುಮಕ್ಕಳಿಗೂ ಅದೇ ಸಾಲಿನಲ್ಲಿ ಹಾಸಿಗೆ ಹಾಕಿ. ಸೌದೆ ಉರಿಸುವುದನ್ನು ಬೆಂಗಳೂರಿನಿಂದ ಬಂದ ಹುಡುಗಿಯರಿಗೆ ಅವರೇ ಕಲಿಸಬಲ್ಲರು.

ತಂದೆತಾಯಿಯರಿಗೆ ಒಂದು ಕಾಗದ ಕಳುಹಿಸಿ, ಮೊದಲ ದಿನ ಬಿಟ್ಟುಹೋಗಲು, ಕೊನೆಯ ದಿನ ಕರೆದೊಯ್ಯಲು ಮಾತ್ರ ಬರಬೇಕೆಂದು ಸ್ಪಷ್ಟವಾಗಿ ಬರೆಯಿರಿ. ತೋಟದ ಗೇಟಿಗೆ ಬೀಗ ಹಾಕಿ, ಕೀಲಿಯನ್ನು ಅಡುಗೆ ಪಾಳಿಯ ಹುಡುಗಿಯರ ಕೈಗೆ ಕೊಡಿ. ಕೋಡುಬಳೆಯ ಡಬ್ಬವನ್ನು ಗೇಟಿನಲ್ಲೇ ಇಸಿದುಕೊಳ್ಳಬಹುದು, ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ.